‘ನರದ ಡಾಕ್ಟರ್’ ಯಾರು? ರಕ್ತನಾಳ ವೈದ್ಯರ ತರಬೇತಿ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ರಕ್ತನಾಳದ ಕಾಯಿಲೆಗೆ ಯಾವ ವೈದ್ಯರ ಹತ್ತಿರ ಹೋಗಬೇಕು, ಅವರು ಏನೇನು ಕಲಿತಿರಬೇಕು ಎಂದು ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬರೆದವರಲ್ಲಿ ರೋಗಿಗಳ ಮನೆಯವರೂ ಇದ್ದಾರೆ, ವೈದ್ಯರೂ ಇದ್ದಾರೆ. ಹೆಸರು ಬಿಟ್ಟು ಊರು ಮಾತ್ರ ಕೊಟ್ಟಿದ್ದೇವೆ.

ಪ್ರಶ್ನೆ (ಗದಗ-ಬೆಟಗೇರಿ): ನಮ್ಮ ಅಪ್ಪಗ 62 ವರ್ಷ, 14 ವರ್ಷದಿಂದ ಶುಗರ್ ಐತಿ. ಬಸ್‌ಸ್ಟ್ಯಾಂಡಿನಿಂದ ಮನಿಗೆ ನಡಕೊಂತ ಬರೂದ್ರಾಗ ಎರಡು ಸಲ ನಿಲ್ಲಬೇಕಾಗತೈತಿ, ಮೀನಖಂಡ ಹಿಡಕೊಂಡಂಗ ಆಗತೈತಿ. ‘ನರದ ತೊಂದ್ರಿ’ ಅಂತ ಒಬ್ರು ನರರೋಗದ ಡಾಕ್ಟರ ಕಡೆ ಕಳಿಸಿದ್ರು. ಅವರು ಎಲುಬಿನವರ ಕಡೆ, ಎಲುಬಿನವರು ಹಾರ್ಟಿನವರ ಕಡೆ. ರಕ್ತನಾಳಕ್ಕ ಬ್ಯಾರೆ ಡಾಕ್ಟರೇ ಇರ್ತಾರೇನ್ರಿ? ಅವರು ಏನು ಕಲ್ತಿರ್ತಾರ?

ಉತ್ತರ: ಇದ್ದಾರೆ. ಗೊಂದಲ ಹುಟ್ಟುವುದೇ ನಮ್ಮ ‘ನರ’ ಎಂಬ ಮಾತಿನಿಂದ. ಸ್ಪರ್ಶ, ನೋವು ಒಯ್ಯುವ ತಂತುವೂ ನಮಗೆ ನರ, ಮುಂಗೈ ಮೇಲೆ ಉಬ್ಬಿ ಕಾಣುವ ರಕ್ತನಾಳವೂ ನರ, ಹಿಮ್ಮಡಿಯ ಹಿಂದಿನ ಗಟ್ಟಿ ಹುರಿಯೂ ನರ. ರೋಗಿ ‘ಕಾಲಿನ ನರ ಹಿಡಿತೈತ್ರಿ’ ಎಂದಾಗ ಇವುಗಳಲ್ಲಿ ಯಾವುದು ಎಂದು ಬಿಡಿಸಿ ಕೇಳುವುದು ವೈದ್ಯರ ಕೆಲಸ. ನಿಮ್ಮ ತಂದೆಯವರ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಸರಳ: ನಿಂತರೆ ಸಾಕೋ, ಕೂರಲೇಬೇಕೋ? ಅಪಧಮನಿ (ಹೃದಯದಿಂದ ರಕ್ತ ಒಯ್ಯುವ ನಾಳ) ಕಿರಿದಾಗಿದ್ದರೆ ಪ್ರತಿಸಲ ಹೆಚ್ಚುಕಡಿಮೆ ಅಷ್ಟೇ ದೂರಕ್ಕೆ ನೋವು ಬರುತ್ತದೆ, ಏರು ಹತ್ತುವಾಗ ಇನ್ನೂ ಬೇಗ ಬರುತ್ತದೆ, ಸುಮ್ಮನೆ ನಿಂತರೆ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಬೆನ್ನುಹುರಿಯ ಜಾಗ ಕಿರಿದಾಗಿ ಬರುವ ನೋವು ನಿಂತರೆ ಹೋಗುವುದಿಲ್ಲ, ಕೂರಬೇಕು ಇಲ್ಲವೇ ಮುಂದಕ್ಕೆ ಬಾಗಬೇಕು. ಅಂಥವರು ಸೈಕಲ್ ಹಿಡಿದು ಬಾಗಿ ತಳ್ಳಿಕೊಂಡು ಹೋದರೆ ಎಷ್ಟು ದೂರ ಬೇಕಾದರೂ ನಡೆಯುತ್ತಾರೆ.

ಇನ್ನು ವೈದ್ಯರ ಮಾತು. ನಮ್ಮ ದೇಶದಲ್ಲಿ ರಕ್ತನಾಳವನ್ನು ಮುಖ್ಯ ವಿಷಯವಾಗಿ ಓದಿದವರು ರಕ್ತನಾಳ ಶಸ್ತ್ರವೈದ್ಯರು. ಎಂಬಿಬಿಎಸ್ ಆದ ಮೇಲೆ ಜನರಲ್ ಸರ್ಜರಿಯಲ್ಲಿ ಮೂರು ವರ್ಷ ಎಂಎಸ್ ಅಥವಾ ಡಿಎನ್‌ಬಿ, ಅದಾದ ಮೇಲೆ ಮೂರು ವರ್ಷ ಎಂಸಿಎಚ್ ವಾಸ್ಕ್ಯುಲರ್ ಸರ್ಜರಿ ಅಥವಾ ಡಿಆರ್‌ಎನ್‌ಬಿ ಪೆರಿಫೆರಲ್ ವಾಸ್ಕ್ಯುಲರ್ ಸರ್ಜರಿ. ಸಿಟಿವಿಎಸ್ (ಹೃದಯ, ಎದೆ ಮತ್ತು ರಕ್ತನಾಳ ಶಸ್ತ್ರಚಿಕಿತ್ಸೆ) ಎಂದು ಬರೆದುಕೊಳ್ಳುವವರದೂ ಮೂರು ವರ್ಷದ ಎಂಸಿಎಚ್, ಆದರೆ ಆ ಮೂರು ವರ್ಷ ಹೃದಯ, ಶ್ವಾಸಕೋಶ, ರಕ್ತನಾಳ ಮೂರಕ್ಕೂ ಹಂಚಿಹೋಗುತ್ತದೆ. ಇಂಟರ್‌ವೆನ್ಷನಲ್ ರೇಡಿಯಾಲಜಿಯವರು ಸೂಜಿ, ತಂತಿ, ಬಲೂನುಗಳಿಂದ ಒಳಗಿನಿಂದಲೇ ಕೆಲಸ ಮಾಡುತ್ತಾರೆ. ಹೃದ್ರೋಗ ತಜ್ಞರಲ್ಲಿ ಕೆಲವರು ಕಾಲಿನ ಆಂಜಿಯೋಪ್ಲಾಸ್ಟಿಯನ್ನೂ ಕಲಿತಿರುತ್ತಾರೆ, ಎಲ್ಲರೂ ಅಲ್ಲ. ಇವರಲ್ಲದೆ ಕತ್ತಿ ಹಿಡಿಯದ, ಔಷಧ ಮತ್ತು ಪರೀಕ್ಷೆಯಿಂದ ರಕ್ತನಾಳವನ್ನು ನೋಡಿಕೊಳ್ಳುವ ವೈದ್ಯರ ಒಂದು ವರ್ಗ ಯುರೋಪು, ಅಮೆರಿಕಗಳಲ್ಲಿದೆ. ಅವರ ತರಬೇತಿಯ ಬಗ್ಗೆಯೇ ಮುಂದಿನ ಪ್ರಶ್ನೆ.

ನಿಮ್ಮ ತಂದೆಯವರಿಗೆ ಮೊದಲ ಹೆಜ್ಜೆಯಲ್ಲೇ ದೊಡ್ಡ ತಜ್ಞರು ಬೇಕಿಲ್ಲ. ತೊಡೆಸಂದು, ಮೊಣಕಾಲ ಹಿಂದೆ, ಹರಡಿನ (ಪಾದದ ಕೀಲಿನ) ಒಳಬದಿ, ಪಾದದ ಮೇಲೆ, ಹೀಗೆ ಎರಡೂ ಕಾಲಿನ ನಾಲ್ಕು ನಾಲ್ಕು ಕಡೆ ನಾಡಿ ಮುಟ್ಟಿ ನೋಡಿ, ಹರಡು-ತೋಳಿನ ರಕ್ತದೊತ್ತಡ ಹೋಲಿಸುವ ಎಬಿಐ ಪರೀಕ್ಷೆ ಮಾಡುವ ಎಂಡಿ ವೈದ್ಯರು ಸಾಕು. ರೋಗ ಖಚಿತವಾದರೆ ಸ್ಟ್ಯಾಟಿನ್ ಮಾತ್ರೆ, ಆಸ್ಪಿರಿನ್ ಅಥವಾ 75 ಮಿ.ಗ್ರಾಂ. ಕ್ಲೊಪಿಡೊಗ್ರೆಲ್, ಬೀಡಿ-ತಂಬಾಕು ಪೂರ್ತಿ ಬಂದ್, ಜೊತೆಗೆ ನಡಿಗೆಯ ಚಿಕಿತ್ಸೆ: ವಾರಕ್ಕೆ ಮೂರು ದಿನ, ಸಲಕ್ಕೆ 30ರಿಂದ 45 ನಿಮಿಷ, ಕನಿಷ್ಠ 12 ವಾರ. ನೋವು ಸಾಕಷ್ಟು ಜೋರಾಗುವವರೆಗೆ ನಡೆಯಬೇಕು, ನಿಲ್ಲಬೇಕು, ಇಳಿದ ಮೇಲೆ ಮತ್ತೆ ನಡೆಯಬೇಕು. ನೋವು ಬಂತೆಂದು ಮನೆಯಲ್ಲಿ ಕೂತರೆ ಈ ಚಿಕಿತ್ಸೆ ನಡೆಯುವುದಿಲ್ಲ. ಕಾಲಲ್ಲಿ ಗಾಯ ಇದ್ದರೆ, ಬೆರಳು ಕಪ್ಪಾದರೆ, ಮಲಗಿದಾಗಲೂ ನೋವು ಬಂದು ಕಾಲು ಮಂಚದ ಕೆಳಗೆ ಇಳಿಬಿಡಬೇಕು ಅನಿಸಿದರೆ 12 ವಾರ ಕಾಯುವ ಮಾತೇ ಇಲ್ಲ. ನೇರ ರಕ್ತನಾಳ ಶಸ್ತ್ರವೈದ್ಯರ ಹತ್ತಿರ ಹೋಗಿ.

ಪ್ರಶ್ನೆ (ಹುಬ್ಬಳ್ಳಿ): ಜನರಲ್ ಮೆಡಿಸಿನ್ ಎಂಡಿ ಅಂತಿಮ ವರ್ಷದಲ್ಲಿದ್ದೇನೆ. ಶಸ್ತ್ರಚಿಕಿತ್ಸೆಯಲ್ಲದ ರಕ್ತನಾಳ ವೈದ್ಯಕೀಯದಲ್ಲಿ ಮುಂದುವರಿಯುವ ಆಸೆ. ಭಾರತದಲ್ಲಿ ಇದಕ್ಕೆ ಡಿಎಂ ಇದೆಯೇ? ಇಲ್ಲವಾದರೆ ಯಾವ ಮಾನದಂಡ ಇಟ್ಟುಕೊಂಡು ಕಲಿಯಬೇಕು?

ಉತ್ತರ: ಡಿಎಂ ವಾಸ್ಕ್ಯುಲರ್ ಮೆಡಿಸಿನ್ ಎಂಬ ಪದವಿ ನಮ್ಮಲ್ಲಿಲ್ಲ. ಎಂಡಿ ಮೆಡಿಸಿನ್ ಮುಗಿಸಿದವರು ಡಿಎಂ ಕಾರ್ಡಿಯಾಲಜಿ ಅಥವಾ ಕ್ಲಿನಿಕಲ್ ಹೆಮಟಾಲಜಿ ಮೂಲಕ ಈ ವಿಷಯದ ಒಂದೊಂದು ಬದಿಯನ್ನು ಮುಟ್ಟುತ್ತಾರೆ. ಮೊದಲನೆಯವರಿಗೆ ಅಪಧಮನಿ ಚೆನ್ನಾಗಿ ಗೊತ್ತಾಗುತ್ತದೆ, ಎರಡನೆಯವರಿಗೆ ಹೆಪ್ಪುಗಟ್ಟುವಿಕೆ. ಅಭಿಧಮನಿಯ (ಹೃದಯಕ್ಕೆ ರಕ್ತ ಮರಳಿಸುವ ನಾಳದ) ಹುಣ್ಣು ಮತ್ತು ದುಗ್ಧನಾಳದ (ಅಂಗಾಂಶದ ದ್ರವ ಒಯ್ಯುವ ನಾಳದ) ಬಾವು ಇಬ್ಬರ ಕೈಗೂ ಸರಿಯಾಗಿ ಬರುವುದಿಲ್ಲ. ಆನೆಕಾಲು, ಉಬ್ಬಿದ ಅಭಿಧಮನಿ, ವರ್ಷಗಟ್ಟಲೆ ಮಾಯದ ಹರಡಿನ ಹುಣ್ಣು ಹೊತ್ತವರು ವಿಭಾಗದಿಂದ ವಿಭಾಗಕ್ಕೆ ಅಲೆಯುವುದಕ್ಕೆ ಇದೇ ಕಾರಣ. ನಿಮ್ಮ ಆಸೆ ಒಳ್ಳೆಯದು, ಈ ಭಾಗಕ್ಕೆ ಬೇಕಾದದ್ದೂ ಹೌದು.

ಹೊರಗಿನ ಅಳತೆಗೋಲುಗಳು ಹೀಗಿವೆ. ಜರ್ಮನಿಯಲ್ಲಿ ಒಳರೋಗ ಮತ್ತು ಆಂಜಿಯಾಲಜಿ ಸೇರಿ 72 ತಿಂಗಳ ತಜ್ಞತೆ. ಫ್ರಾನ್ಸ್ 2017ರಲ್ಲಿ ರಕ್ತನಾಳ ವೈದ್ಯಕೀಯವನ್ನು ನಾಲ್ಕು ವರ್ಷದ ಸ್ವತಂತ್ರ ತಜ್ಞತೆ ಮಾಡಿತು. ಅಮೆರಿಕದಲ್ಲಿ ಮೂರು ವರ್ಷದ ಒಳರೋಗ ತರಬೇತಿಯ ಮೇಲೆ ಇದಕ್ಕೆಂದೇ ಒಂದು ವರ್ಷ ಹೆಚ್ಚಿಗೆ ಓದುವ ದಾರಿ ಇದೆ. 2005ರಲ್ಲಿ ಶುರುವಾದ ಅಮೆರಿಕನ್ ಬೋರ್ಡ್ ಆಫ್ ವಾಸ್ಕ್ಯುಲರ್ ಮೆಡಿಸಿನ್ ಅದಕ್ಕೆ ಪರೀಕ್ಷೆ ಏರ್ಪಡಿಸಿತು. ಅಲ್ಲಿನ ಹೃದ್ರೋಗ ತರಬೇತಿಯ ‘ಕೊಕ್ಯಾಟ್ಸ್’ ಮಾನದಂಡದ 2015ರ ಆವೃತ್ತಿ ಕಲಿಕೆಯನ್ನು ಮೂರು ಹಂತ ಮಾಡುತ್ತದೆ. ಎಲ್ಲ ಹೃದ್ರೋಗ ವಿದ್ಯಾರ್ಥಿಗಳಿಗೂ ಸುಮಾರು ಎರಡು ತಿಂಗಳ ಮೊದಲ ಹಂತ, ಪೂರ್ಣ ರಕ್ತನಾಳ ತಜ್ಞರಾಗಬೇಕೆಂದರೆ ಪ್ರತ್ಯೇಕವಾಗಿ ಇನ್ನೊಂದು ವರ್ಷ. ಎರಡು ತಿಂಗಳು ಮತ್ತು ಒಂದು ವರ್ಷದ ನಡುವಿನ ಈ ಅಂತರವನ್ನು ನಮ್ಮವರು ಗಮನಿಸಬೇಕು. ಹೃದಯ ಬಲ್ಲವರಿಗೆ ಕಾಲು ತಾನಾಗಿಯೇ ಬರುತ್ತದೆ ಎಂದು ಆ ಮಾನದಂಡ ಬರೆದವರು ನಂಬಲಿಲ್ಲ.

ಎಣಿಕೆಗಳೂ ಇವೆ. ಕ್ಯಾತಿಟರ್ (ನಾಳದೊಳಗೆ ತೂರಿಸುವ ಸಣ್ಣ ಕೊಳವೆ) ಕೆಲಸಕ್ಕೆ 2004ರ ಅಮೆರಿಕನ್ ಸಂಘಗಳ ಜಂಟಿ ಹೇಳಿಕೆ ಕೇಳಿದ್ದು 100 ರೋಗನಿರ್ಣಯದ ಆಂಜಿಯೋಗ್ರಾಂ, 50 ಚಿಕಿತ್ಸೆ, ಎರಡರಲ್ಲೂ ಅರ್ಧದಷ್ಟು ತಾನೇ ಮುಖ್ಯ ಕೈಯಾಗಿ. ಡಾಪ್ಲರ್ ಸ್ಕ್ಯಾನ್ (ಶಬ್ದತರಂಗದಿಂದ ರಕ್ತದ ಹರಿವು ನೋಡುವ ಪರೀಕ್ಷೆ) ಓದುವ ವೈದ್ಯರಿಗೆ ಅಲ್ಲಿರುವ ಆರ್‌ಪಿವಿಐ ಪ್ರಮಾಣಪತ್ರ 500 ಸ್ಕ್ಯಾನ್ ಓದಿದ ದಾಖಲೆ ಕೇಳುತ್ತದೆ. ಆದರೆ 500 ಓದಿದ ಮಾತ್ರಕ್ಕೆ ಎಲ್ಲ ಬಂತು ಅಂತಲ್ಲ. ಮೊದಲ ನೂರರಲ್ಲಿ ಬಹುಪಾಲು ‘ಕಾಲಲ್ಲಿ ಹೆಪ್ಪು ಇದೆಯೋ ಇಲ್ಲವೋ’ ಎಂಬ ಸ್ಕ್ಯಾನುಗಳೇ ಬರುತ್ತವೆ. ಮೂತ್ರಪಿಂಡದ ಅಪಧಮನಿ, ಕರುಳಿನ ಅಪಧಮನಿ, ಬೈಪಾಸ್ ಆದ ಕಾಲು ಅಪರೂಪಕ್ಕೆ ಬರುತ್ತವೆ. ಹಾಗಾಗಿ ಒಟ್ಟು ಲೆಕ್ಕಕ್ಕಿಂತ ಪ್ರತಿ ಬಗೆಯ ಲೆಕ್ಕ ಬೇರೆ ಇಡಿ. ಹಿರಿಯರ ವರದಿ ನೋಡಿದ ಮೇಲೆ ಓದಿದ ಸ್ಕ್ಯಾನನ್ನು ಎಣಿಸಬೇಡಿ. ಮೊದಲು ನಿಮ್ಮ ಓದನ್ನು ಬರೆದು ಮುಚ್ಚಿಡಿ, ಆಮೇಲೆ ಹೋಲಿಸಿ.

ಲಾಗ್‌ಬುಕ್ಕಿನಲ್ಲಿ ಆರು ಕಾಲಂ ಹಾಕಿ: ದಿನಾಂಕ, ಯಾವ ಅಂಗದ ಯಾವ ನಾಳ, ನನ್ನ ಓದು, ಹಿರಿಯರ ಓದು, ಸಿಟಿ ಆಂಜಿಯೋ ಅಥವಾ ಶಸ್ತ್ರಚಿಕಿತ್ಸೆಯಲ್ಲಿ ಕಂಡದ್ದು, 30 ದಿನದ ನಂತರ ರೋಗಿಯ ಸ್ಥಿತಿ. ಕೊನೆಯ ಎರಡನ್ನು ಬಹಳ ಜನ ಖಾಲಿ ಬಿಡುತ್ತಾರೆ. ಓದು ತಪ್ಪಿದ್ದು ಗೊತ್ತಾಗುವುದು ಅಲ್ಲಿಯೇ. ಕುತ್ತಿಗೆಯ ಕ್ಯಾರೋಟಿಡ್ ಸ್ಕ್ಯಾನನ್ನೇ ತೆಗೆದುಕೊಳ್ಳಿ. ರಕ್ತದ ಗರಿಷ್ಠ ವೇಗ ಸೆಕೆಂಡಿಗೆ 125 ಸೆಂ.ಮೀ. ದಾಟಿದರೆ 50% ಅಥವಾ ಹೆಚ್ಚು ಕಿರಿದು, 230 ದಾಟಿದರೆ 70% ಅಥವಾ ಹೆಚ್ಚು ಎನ್ನುವ ಲೆಕ್ಕ ಡಾಪ್ಲರ್ ಕೋನ 60 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ಮಾತ್ರ ಸರಿ. 70 ಡಿಗ್ರಿಯಲ್ಲಿ ಹಿಡಿದರೆ ಕೋನದ ಸಣ್ಣ ತಪ್ಪೂ ವೇಗವನ್ನು ಬಹಳಷ್ಟು ಏರುಪೇರು ಮಾಡಿಬಿಡುತ್ತದೆ. ಹೋಲಿಸಿ ನೋಡದ ವಿದ್ಯಾರ್ಥಿ ಅದೇ ತಪ್ಪನ್ನು 500 ಸಲ ಮಾಡುತ್ತಾನೆ.

ಏನು ಕಲಿಯಬೇಕು ಎಂಬುದಕ್ಕೆ ನಾಲ್ಕು ಬಗೆಯ ನಾಳ ನೆನಪಿಡಿ: ಅಪಧಮನಿ, ಅಭಿಧಮನಿ, ದುಗ್ಧನಾಳ, ಸೂಕ್ಷ್ಮನಾಳ. ಅಪಧಮನಿಯಲ್ಲಿ ಶುಗರ್-ತಂಬಾಕಿನ ರೋಗವಷ್ಟೇ ಅಲ್ಲ. ಯುವತಿಯ ಒಂದು ಕೈಯಲ್ಲಿ ಬಿಪಿ ಸಿಗದಿದ್ದರೆ ತಕಾಯಸು (ದೊಡ್ಡ ಅಪಧಮನಿಗಳ ಉರಿಯೂತ) ನೆನಪಾಗಬೇಕು. ನಲವತ್ತರ ಒಳಗಿನ ಬೀಡಿ ಸೇದುವವನ ಬೆರಳು ಕಪ್ಪಾದರೆ ಬರ್ಗರ್ (ತಂಬಾಕಿನಿಂದ ಕೈಕಾಲಿನ ಸಣ್ಣ ನಾಳ ಮುಚ್ಚುವ ರೋಗ) ನೆನಪಾಗಬೇಕು. ಬರ್ಗರ್‌ನಲ್ಲಿ ತಂಬಾಕು ಪೂರ್ತಿ ಬಿಡದೆ ಯಾವ ಔಷಧವೂ ಕಾಲು ಉಳಿಸಲಾರದು, ತಿಕ್ಕಿ ಬಾಯಿಗೆ ಹಾಕಿಕೊಳ್ಳುವ ತಂಬಾಕೂ ಅದರಲ್ಲಿ ಸೇರಿತು. ಹೊಟ್ಟೆಯ ಮಹಾಪಧಮನಿ ಉಬ್ಬಿದ್ದು ಗಂಡಸರಲ್ಲಿ 5.5 ಸೆಂ.ಮೀ., ಹೆಂಗಸರಲ್ಲಿ 5 ಸೆಂ.ಮೀ. ಮುಟ್ಟಿದಾಗ ಶಸ್ತ್ರವೈದ್ಯರ ಹತ್ತಿರ ಮಾತು ಶುರುವಾಗಬೇಕು.

ರಕ್ತ ತೆಳು ಮಾಡುವ ಮಾತ್ರೆಗಳು ಈ ವೈದ್ಯರ ದಿನನಿತ್ಯದ ಉಪಕರಣ, ತಪ್ಪು ಹೆಚ್ಚಾಗುವುದೂ ಅಲ್ಲೇ. ಕಾಲಿನ ಆಳದ ಅಭಿಧಮನಿಯಲ್ಲಿ ಹೆಪ್ಪು ಇದ್ದಾಗ ರಿವರಾಕ್ಸಬಾನ್ 15 ಮಿ.ಗ್ರಾಂ. ದಿನಕ್ಕೆ ಎರಡು ಸಲ 21 ದಿನ, ಆಮೇಲೆ 20 ಮಿ.ಗ್ರಾಂ. ಒಂದು ಸಲ. ಅಪಿಕ್ಸಬಾನ್ ಆದರೆ 10 ಮಿ.ಗ್ರಾಂ. ಎರಡು ಸಲ ಏಳು ದಿನ, ಆಮೇಲೆ 5 ಮಿ.ಗ್ರಾಂ. ಎರಡು ಸಲ. ಚೀಟಿಯಲ್ಲಿ ‘ಮುಂದುವರಿಸಿ’ ಎಂದಷ್ಟೇ ಬರೆದು ಡೋಸ್ ಬದಲಾಗುವ ತಾರೀಖು ಬರೆಯದಿದ್ದರೆ ರೋಗಿ ತಿಂಗಳುಗಟ್ಟಲೆ ಮೊದಲ ಡೋಸನ್ನೇ ನುಂಗುತ್ತಾನೆ, ರಕ್ತ ಸೋರುತ್ತದೆ. ವಾರ್ಫರಿನ್ ಕೊಟ್ಟರೆ ಐಎನ್‌ಆರ್ (ರಕ್ತ ಎಷ್ಟು ತೆಳುವಾಗಿದೆ ಎಂದು ಹೇಳುವ ಅಳತೆ) 2ರಿಂದ 3ರ ನಡುವೆ ಇರಬೇಕು. ಆಂಟಿಫಾಸ್ಫೋಲಿಪಿಡ್‌ನ (ರಕ್ತ ಹೆಪ್ಪುಗಟ್ಟಿಸುವ ಪ್ರತಿಕಾಯಗಳ) ಮೂರೂ ಪರೀಕ್ಷೆ ಪಾಸಿಟಿವ್ ಬಂದವರಿಗೆ ಹೊಸ ಮಾತ್ರೆ ಬೇಡ, ವಾರ್ಫರಿನ್ನೇ ಬೇಕು. ಕನಿಷ್ಠ ಮೂರು ತಿಂಗಳ ಚಿಕಿತ್ಸೆಯ ನಂತರ ನಿಲ್ಲಿಸಬೇಕೋ ಮುಂದುವರಿಸಬೇಕೋ ಎಂಬ ತೀರ್ಮಾನವನ್ನು ಹಿರಿಯರ ಪಕ್ಕ ಕೂತು ಹತ್ತಾರು ಸಲ ಮಾಡಿದಾಗಲೇ ಅದು ಕೈಗೆ ಹತ್ತುವುದು. ಕಾಲು ನೋವಿಗೆ ಕೊಡುವ ಸಿಲೊಸ್ಟಜಾಲ್ ಹೃದಯ ವೈಫಲ್ಯ ಇದ್ದವರಿಗೆ ಕೂಡದು. ಇದನ್ನು ಕೇಳದೆ ಬರೆದ ಚೀಟಿಗಳು ಕಡಿಮೆಯಿಲ್ಲ.

ಹುಬ್ಬಳ್ಳಿಯಲ್ಲಿದ್ದುಕೊಂಡೇ ಏನು ಮಾಡಬಹುದು? 1957ರಲ್ಲಿ ಶುರುವಾದ, ಜನ ಈಗಲೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಕಾಲೇಜಾಗಲಿ, ಸತ್ತೂರಿನ ಎಸ್‌ಡಿಎಂ ಆಗಲಿ, ಗದಗದ ಜಿಮ್ಸ್ ಆಗಲಿ, ದೊಡ್ಡ ಬೋಧನಾ ಆಸ್ಪತ್ರೆಯ ಮೆಡಿಸಿನ್, ಸರ್ಜರಿ, ರೇಡಿಯಾಲಜಿ, ಚರ್ಮರೋಗ ವಿಭಾಗಗಳಲ್ಲಿ ನಿಮಗೆ ಬೇಕಾದ ರೋಗಿಗಳು ಚದುರಿಕೊಂಡಿದ್ದಾರೆ. ಎಂಡಿಯಲ್ಲಿ ಕಡ್ಡಾಯವಾದ ಮೂರು ತಿಂಗಳ ಜಿಲ್ಲಾ ರೆಸಿಡೆನ್ಸಿ ಇನ್ನೂ ಬಾಕಿ ಇದ್ದರೆ ಅಲ್ಲಿನ ಶುಗರ್ ರೋಗಿಗಳೆಲ್ಲರ ಪಾದ ನೋಡಿ, ನಾಡಿ ಮುಟ್ಟಿ, ಎಬಿಐ ಮಾಡಿ. ಎಂಡಿ ಮುಗಿದ ಮೇಲೆ ರಕ್ತನಾಳ ವಿಭಾಗ ಗಟ್ಟಿಯಾಗಿರುವ ಕಡೆ ಒಂದು ವರ್ಷ ಇಡಿ. ಬೆಂಗಳೂರು, ವೆಲ್ಲೂರು, ತಿರುವನಂತಪುರದಲ್ಲಿ ಅಂಥ ವಿಭಾಗಗಳಿವೆ. ಆ ವರ್ಷವನ್ನು ಹೀಗೆ ಹಂಚಿಕೊಳ್ಳಿ ಎಂಬುದು ನಮ್ಮ ಸಲಹೆ: ಸ್ಕ್ಯಾನ್ ಕೋಣೆಯಲ್ಲಿ ಮೂರು ತಿಂಗಳು, ಹೊರರೋಗಿ ವಿಭಾಗ ಮತ್ತು ವಾರ್ಡಿನಲ್ಲಿ ಮೂರು, ಪಾದದ ಗಾಯದ ವಿಭಾಗದಲ್ಲಿ ಎರಡು, ಕ್ಯಾತ್‌ಲ್ಯಾಬ್ ಮತ್ತು ಆಪರೇಷನ್ ಥಿಯೇಟರಿನಲ್ಲಿ ಎರಡು, ಹೆಪ್ಪುಗಟ್ಟುವಿಕೆಯ ಕ್ಲಿನಿಕ್ಕಿನಲ್ಲಿ ಒಂದು, ವಾಸ್ಕ್ಯುಲೈಟಿಸ್ (ರಕ್ತನಾಳದ ಉರಿಯೂತ) ಮತ್ತು ದುಗ್ಧನಾಳಕ್ಕೆ ಒಂದು. ಇಡೀ ವರ್ಷ ವಾರಕ್ಕೊಂದು ಮಧ್ಯಾಹ್ನ ಅದೇ ರೋಗಿಗಳನ್ನೇ ಮತ್ತೆ ಮತ್ತೆ ನೋಡುವ ಕ್ಲಿನಿಕ್ ತಪ್ಪಿಸಬೇಡಿ. ಆರು ತಿಂಗಳ ಹಿಂದೆ ತೆರೆದ ನಾಳ ಮುಚ್ಚಿಕೊಂಡು ಬಂದ ರೋಗಿ ಕಲಿಸುವುದನ್ನು ಹೊಸ ರೋಗಿ ಕಲಿಸಲಾರ.

ಶನಿವಾರ-ಭಾನುವಾರದ ಕಾರ್ಯಾಗಾರ ಮುಗಿಸಿ ಫಲಕದ ಮೇಲೆ ‘ರಕ್ತನಾಳ ತಜ್ಞ’ ಎಂದು ಬರೆಸುವ ದಾರಿ ಹಿಡಿಯಬೇಡಿ. ಕಾರ್ಯಾಗಾರಕ್ಕೆ ಹೋಗಿ, ಆದರೆ ಅದನ್ನು ತರಬೇತಿ ಎಂದು ಲೆಕ್ಕಕ್ಕೆ ಹಿಡಿಯಬೇಡಿ. ಕ್ಯಾತ್‌ಲ್ಯಾಬಿಗೆ ಹೋಗುವ ಮೊದಲ ದಿನದಿಂದಲೇ ನಿಮ್ಮ ಹೆಸರಿನ ವಿಕಿರಣ ಬ್ಯಾಡ್ಜ್ ಕೇಳಿ ಪಡೆಯಿರಿ, ಸೀಸದ ಏಪ್ರನ್ ಒಳಗೆ ಎದೆ ಮಟ್ಟದಲ್ಲಿ ಹಾಕಿಕೊಳ್ಳಿ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಏಪ್ರನ್ನಿಗೆ ಚುಚ್ಚಿ ಕ್ಯಾತ್‌ಲ್ಯಾಬಿನಲ್ಲೇ ಬಿಟ್ಟುಹೋದ ಬ್ಯಾಡ್ಜ್ ನಿಮ್ಮ ಮೈಯ ಲೆಕ್ಕ ಹೇಳುವುದಿಲ್ಲ.

ಪ್ರಶ್ನೆ (ಹಾವೇರಿ ಜಿಲ್ಲೆಯ ತಾಲೂಕು ಆಸ್ಪತ್ರೆಯ ವೈದ್ಯಾಧಿಕಾರಿ): ಕೈಯಲ್ಲಿ ಹಿಡಿಯುವ ಡಾಪ್ಲರ್‌ನಿಂದ ಎಬಿಐ ಕಲಿಯುತ್ತಿದ್ದೇನೆ. ಒಬ್ಬ ಶುಗರ್ ರೋಗಿಯ ಬಲತೋಳು 136, ಎಡತೋಳು 128. ಬಲ ಹರಡಿನಲ್ಲಿ ಒಂದು ನಾಳ 96, ಇನ್ನೊಂದು 90. ಎಡ ಹರಡಿನಲ್ಲಿ 210 ಮತ್ತು 198. ಬಲಗಾಲು 0.66, ಎಡಗಾಲು 1.55 ಎಂದು ಬರೆದೆ. ಆದರೆ ಹೆಬ್ಬೆರಳು ಕಪ್ಪಾಗಿರುವುದು ಎಡಗಾಲಿನದು! ಎಲ್ಲಿ ತಪ್ಪಿದೆ?

ಉತ್ತರ: ಎರಡು ಬೇರೆ ವಿಷಯಗಳಿವೆ. ಮೊದಲು ಲೆಕ್ಕ. ನೀವು ಪ್ರತಿ ಕಾಲಿನ ಕಡಿಮೆ ಸಂಖ್ಯೆಯನ್ನು ಅದೇ ಬದಿಯ ತೋಳಿನಿಂದ ಭಾಗಿಸಿದ್ದೀರಿ. ಹರಡಿನ ಎರಡು ನಾಳಗಳಲ್ಲಿ ಹೆಚ್ಚಿನದನ್ನು ಎರಡು ತೋಳುಗಳಲ್ಲಿ ಹೆಚ್ಚಿನದರಿಂದ ಭಾಗಿಸಬೇಕು. ಆಗ ಬಲಗಾಲು 96 ಭಾಗಿಸು 136, ಅಂದರೆ 0.71. ಎಡಗಾಲು 210 ಭಾಗಿಸು 136, ಅಂದರೆ 1.54. ಅರ್ಥ ಹೀಗೆ: 1.00ರಿಂದ 1.40 ಸರಿ, 0.91ರಿಂದ 0.99 ಅನುಮಾನದ ಗಡಿ, 0.90 ಅಥವಾ ಅದಕ್ಕಿಂತ ಕಡಿಮೆ ಎಂದರೆ ರೋಗ ಇದೆ, 1.40 ದಾಟಿದರೆ ಹರಡಿನ ನಾಳ ಸುಣ್ಣಗಟ್ಟಿ ಕಫ್ ಒತ್ತಿದರೂ ಮುಚ್ಚುತ್ತಿಲ್ಲ.

ಎಡಗಾಲಿನ ಗುಟ್ಟು ಅದೇ. 1.54 ಎಂದರೆ ರಕ್ತ ಧಾರಾಳ ಹರಿಯುತ್ತಿದೆ ಅಂತಲ್ಲ, ಗೋಡೆ ಬಿರುಸಾಗಿದೆ ಅಂತ. ಬಹಳ ವರ್ಷದ ಶುಗರ್‌ನಲ್ಲಿ, ಡಯಾಲಿಸಿಸ್‌ನವರಲ್ಲಿ ಇದು ಸಾಮಾನ್ಯ. ಕಾಲು ಬೆರಳಿನ ಸಣ್ಣ ನಾಳಗಳು ಇಷ್ಟು ಸುಣ್ಣಗಟ್ಟುವುದು ಅಪರೂಪ, ಹಾಗಾಗಿ ಬೆರಳಿನ ಒತ್ತಡ ಅಳೆಯಬೇಕು. ಅದಕ್ಕೆ ಸಣ್ಣ ಬೆರಳು ಕಫ್ ಮತ್ತು ಬೆಳಕಿನ ಸೆನ್ಸರ್ ಬೇಕು. ಬೆರಳಿನ ಒತ್ತಡವನ್ನು ತೋಳಿನದರಿಂದ ಭಾಗಿಸಿದಾಗ 0.70ಕ್ಕಿಂತ ಕಡಿಮೆ ಬಂದರೆ ರೋಗ. ಒತ್ತಡವೇ 30ಕ್ಕಿಂತ ಕಡಿಮೆ ಇದ್ದರೆ ಬೆರಳು ಅಪಾಯದಲ್ಲಿದೆ. ಉಪಕರಣ ನಿಮ್ಮಲ್ಲಿ ಇಲ್ಲದಿದ್ದರೂ ಸದ್ದು ಕೇಳಿ. ಆರೋಗ್ಯವಂತ ನಾಳ ಎರಡು-ಮೂರು ಏಟಿನ ಚುರುಕು ಸದ್ದು ಕೊಡುತ್ತದೆ, ಮೇಲೆ ಅಡ್ಡಿ ಇದ್ದರೆ ‘ಹೂಂ... ಹೂಂ’ ಎಂಬ ಒಂದೇ ಏಟಿನ ಮಂದ ಸದ್ದು. ಕಪ್ಪಾದ ಬೆರಳು, ಮಂದ ಸದ್ದು, 1.54, ಈ ಮೂರು ಸೇರಿದರೆ ಇನ್ನೊಂದು ಪರೀಕ್ಷೆಗೆ ಕಾಯದೆ ಈ ರೋಗಿಯನ್ನು ಹುಬ್ಬಳ್ಳಿಗೆ ಕಳಿಸಿ. ಬೆರಳನ್ನು ಅಲ್ಲೇ ಕತ್ತರಿಸಬೇಡಿ. ರಕ್ತ ಬಾರದ ಕಾಲಿನಲ್ಲಿ ಕತ್ತರಿಸಿದ ಗಾಯ ಮಾಯುವುದಿಲ್ಲ, ಪಾದದವರೆಗೆ ಏರುತ್ತದೆ. ಕೀವು ತುಂಬಿದ್ದರೆ ಮಾತ್ರ ಕೀವು ತೆಗೆಯುವುದನ್ನು ಮುಂದೂಡಬಾರದು.

ಅಳತೆಯ ಕ್ರಮ ಇನ್ನೊಮ್ಮೆ ನೋಡೋಣ, ಕಲಿಯುವ ಎಲ್ಲರಿಗೂ ಬೇಕು. ರೋಗಿ 5ರಿಂದ 10 ನಿಮಿಷ ಅಂಗಾತ ಮಲಗಿರಬೇಕು, ತಲೆಗೂ ಹಿಮ್ಮಡಿಗೂ ಆಸರೆ ಇರಬೇಕು. ಹಿಂದಿನ ಎರಡು ತಾಸು ಬೀಡಿ ಸೇದಿರಬಾರದು. ಕೋಣೆ ತೀರಾ ತಣ್ಣಗಿರಬಾರದು. ಕಫ್ಫಿನ ಅಗಲ ಆ ಅಂಗದ ಸುತ್ತಳತೆಯ ಕನಿಷ್ಠ 40% ಇರಬೇಕು. ಚಿಕ್ಕ ಕಫ್ ಒತ್ತಡವನ್ನು ಸುಳ್ಳಾಗಿ ಏರಿಸುತ್ತದೆ, ಡಾಪ್ಲರ್ ಕೊಂಡು ಕಫ್ ಒಂದೇ ಅಳತೆಯದ್ದು ಇಟ್ಟುಕೊಳ್ಳುವ ಆಸ್ಪತ್ರೆಗಳಲ್ಲಿ ಇದೇ ಮೊದಲ ತಪ್ಪು. ಕಫ್ಫಿನ ಕೆಳ ಅಂಚು ಹರಡಿನ ಗುಬ್ಬಿಯಿಂದ ಸುಮಾರು 2 ಸೆಂ.ಮೀ. ಮೇಲಿರಲಿ. 8 ಮೆಗಾಹರ್ಟ್ಸ್ ಪ್ರೋಬಿಗೆ ಜೆಲ್ ಹಚ್ಚಿ, ಚರ್ಮಕ್ಕೆ 45ರಿಂದ 60 ಡಿಗ್ರಿ ವಾಲಿಸಿ, ಒತ್ತದೆ ಹಿಡಿಯಿರಿ. ಒತ್ತಿದರೆ ಪಾದದ ಮೇಲಿನ ನಾಳ ಪ್ರೋಬಿನ ಕೆಳಗೇ ಮುಚ್ಚಿಕೊಳ್ಳುತ್ತದೆ. ಕಫ್ಫಿಗೆ ಗಾಳಿ ತುಂಬಿ, ಸದ್ದು ನಿಂತ ಮೇಲೆ ಒತ್ತಡವನ್ನು 20 ಮಿ.ಮೀ. ಮೇಲಕ್ಕೆ ಏರಿಸಿ, ಸೆಕೆಂಡಿಗೆ 2 ಮಿ.ಮೀ.ನಂತೆ ಇಳಿಸಿ, ಸದ್ದು ಮರಳಿದ ಕ್ಷಣದ ಸಂಖ್ಯೆ ಬರೆಯಿರಿ. ಬೇಗ ಇಳಿಸಿದರೆ ಸಂಖ್ಯೆ ಕಡಿಮೆ ಬರುತ್ತದೆ. ತೋಳಿಗೂ ಡಾಪ್ಲರನ್ನೇ ಬಳಸಿ. ಒಂದು ಕಡೆ ಸ್ಟೆಥಾಸ್ಕೋಪು, ಇನ್ನೊಂದು ಕಡೆ ಡಾಪ್ಲರ್ ಆದರೆ ಹೋಲಿಕೆ ಕೆಡುತ್ತದೆ. ಬೈಪಾಸ್ ನಾಳ ಹಾದುಹೋದ ಜಾಗದ ಮೇಲೆ ಕಫ್ ಕಟ್ಟಬೇಡಿ. ಗಾಯ ಇದ್ದರೆ ತೆಳು ಪ್ಲಾಸ್ಟಿಕ್ ಸುತ್ತಿ ಆಮೇಲೆ ಕಟ್ಟಿ.

ಎಷ್ಟು ಮಾಡಿದರೆ ಕಲಿತಂತೆ? ಒಬ್ಬನೇ ರೋಗಿಯಲ್ಲಿ ಎಬಿಐ 0.15ಕ್ಕಿಂತ ಹೆಚ್ಚು ಬದಲಾದರೆ ಮಾತ್ರ ಅದನ್ನು ನಿಜವಾದ ಬದಲಾವಣೆ ಎಂದು ಹಿಡಿಯುತ್ತೇವೆ. ಹಾಗಿದ್ದರೆ ಕಲಿಯುವವರ ಕೈಯ ತಪ್ಪು ಅದಕ್ಕಿಂತ ಸಾಕಷ್ಟು ಕಡಿಮೆ ಇರಬೇಕು. ಅನುಭವಿಯೊಬ್ಬರು ಅಳೆದ ಕಾಲನ್ನೇ ಅವರ ಸಂಖ್ಯೆ ನೋಡದೆ ನೀವೂ ಅಳೆಯಿರಿ. ಸತತ 20 ಕಾಲುಗಳಲ್ಲಿ ವ್ಯತ್ಯಾಸ 0.10ರ ಒಳಗೆ ಇದ್ದರೆ ಒಬ್ಬರೇ ಮಾಡಲು ಶುರು ಮಾಡಿ. ಈ 20 ನಮ್ಮ ಅನುಭವದ ಅಂಕೆ, ಕಾನೂನಲ್ಲ.

ಪ್ರಶ್ನೆ (ಬ್ಯಾಡಗಿ): ರಾತ್ರೋರಾತ್ರಿ ಒಂದು ಕಾಲು ತಣ್ಣಗಾಗಿ ಬೆಳ್ಳಗಾದ್ರ ಹತ್ರದ ದವಾಖಾನಿಯ ಡಾಕ್ಟರ್ ಏನು ಮಾಡಬೇಕು? ಎಲ್ಲಾರಿಗೂ ಇದರ ತರಬೇತಿ ಇರತೈತೇನ್ರಿ?

ಉತ್ತರ: ಎಂಬಿಬಿಎಸ್ ಪಠ್ಯದಲ್ಲಿದೆ, ಆದರೆ ಅಭ್ಯಾಸ ಇಲ್ಲದಿದ್ದರೆ ಆ ಹೊತ್ತಿಗೆ ನೆನಪಾಗುವುದಿಲ್ಲ. ಆರು ಲಕ್ಷಣ: ತಟ್ಟನೆ ಬಂದ ನೋವು, ಬಿಳಿಚಿದ ಚರ್ಮ, ಸಿಗದ ನಾಡಿ, ತಣ್ಣಗಿನ ಕಾಲು, ಜೋಮು, ಬೆರಳು ಆಡಿಸಲಾಗದಿರುವುದು. ಕೊನೆಯ ಎರಡು ಬಂದಿದ್ದರೆ ನರ ಮತ್ತು ಮಾಂಸಖಂಡ ಸಾಯುತ್ತಿವೆ ಎಂದರ್ಥ. ಸುಮಾರು ಆರು ತಾಸಿನೊಳಗೆ ರಕ್ತ ಮರಳಬೇಕು. ಹಾವೇರಿಯಿಂದ ಹುಬ್ಬಳ್ಳಿಗೆ ಎಪ್ಪತ್ತೈದು ಕಿ.ಮೀ. ಆಸುಪಾಸು, ದಾರಿ ದೊಡ್ಡದಲ್ಲ. ಹೊತ್ತು ಹೋಗುವುದು ಮನೆಯಲ್ಲಿ ಬಿಸಿನೀರಿನ ಶಾಖ ಕೊಡುತ್ತ ಕೂತದ್ದರಲ್ಲಿ, ‘ಬೆಳಿಗ್ಗೆ ಸ್ಕ್ಯಾನ್ ಮಾಡೋಣ’ ಎಂದು ಇಟ್ಟುಕೊಂಡದ್ದರಲ್ಲಿ.

ತುರ್ತು ವೈದ್ಯರು ಮಾಡಬೇಕಾದದ್ದು: ರಕ್ತಸ್ರಾವದ ಅಪಾಯ ಇಲ್ಲವೆಂದು ಖಚಿತ ಮಾಡಿಕೊಂಡು ತೂಕದ ಪ್ರತಿ ಕಿಲೋಗೆ 60ರಿಂದ 80 ಯೂನಿಟ್ ಹೆಪಾರಿನ್ (ಹೆಪ್ಪು ಬೆಳೆಯದಂತೆ ತಡೆಯುವ ಔಷಧ) ರಕ್ತನಾಳಕ್ಕೆ, ಸಾಮಾನ್ಯ ಮೈಕಟ್ಟಿನವರಿಗೆ ಸುಮಾರು 5000 ಯೂನಿಟ್. ನೋವಿಗೆ ಔಷಧ. ಇಸಿಜಿ, ಏಕೆಂದರೆ ಹೃದಯದ ತಾಳ ತಪ್ಪಿ ಅಲ್ಲಿಂದ ಹೆಪ್ಪು ಜಾರಿ ಬಂದಿರಬಹುದು. ಕಾಲು ಮೇಲೆತ್ತಿ ಇಡಬಾರದು, ಶಾಖ ಕೊಡಬಾರದು, ಹಿಮ್ಮಡಿ ಗಟ್ಟಿ ಹಾಸಿಗೆಗೆ ಒತ್ತದಂತೆ ನೋಡಿಕೊಳ್ಳಬೇಕು. ಕಳಿಸುವ ಮೊದಲು ಹುಬ್ಬಳ್ಳಿಗೆ ಫೋನ್ ಮಾಡಿ ರಕ್ತನಾಳ ಶಸ್ತ್ರಚಿಕಿತ್ಸೆ ಆ ರಾತ್ರಿ ಸಾಧ್ಯವೇ ಎಂದು ಕೇಳಬೇಕು. ಇಲ್ಲದ ಕಡೆ ಕಳಿಸಿದರೆ ಇನ್ನೆರಡು ತಾಸು ಹೋದಂತೆ. ಹೆಪಾರಿನ್ ಕೊಟ್ಟ ಸಮಯ ಮತ್ತು ನೋವು ಶುರುವಾದ ಸಮಯ ಚೀಟಿಯ ತಲೆಯಲ್ಲೇ ಇರಲಿ. ಡಾಪ್ಲರ್ ಇದ್ದರೆ ಅಪಧಮನಿ, ಅಭಿಧಮನಿ ಎರಡೂ ಕೇಳಿ. ಅಪಧಮನಿಯ ಸದ್ದಿಲ್ಲ ಆದರೆ ಅಭಿಧಮನಿಯದು ಇದೆ ಎಂದರೆ ಕಾಲು ಉಳಿಸುವ ಅವಕಾಶ ಇನ್ನೂ ಇದೆ. ಎರಡೂ ಇಲ್ಲ, ಕಾಲು ಮರಗಟ್ಟಿದೆ ಎಂದರೆ ಅಂಥ ಕಾಲಿಗೆ ರಕ್ತ ಬಿಟ್ಟರೆ ಮೂತ್ರಪಿಂಡವೂ ಹೃದಯವೂ ಹಾನಿಗೊಳ್ಳಬಹುದು. ಆ ತೀರ್ಮಾನ ಹಿರಿಯ ಶಸ್ತ್ರವೈದ್ಯರದು.

ಪ್ರಶ್ನೆ (ಧಾರವಾಡ, ಬಸ್ ಕಂಡಕ್ಟರ್): ನಿಂತು ನಿಂತು ಕಾಲಿನ ನರ ಉಬ್ಯಾವ್ರಿ. ಒಂದು ಕಡೆ ಸ್ಕ್ಯಾನ್ ‘ನಾರ್ಮಲ್’, ಇನ್ನೊಂದು ಕಡೆ ‘ಕವಾಟ ಕೆಟ್ಟದ’ ಅಂದ್ರು. ಯಾರ ಮಾತು ಖರೆ?

ಉತ್ತರ: ಯಾವ ಸ್ಕ್ಯಾನ್ ನಿಂತು ಮಾಡಿದ್ದು ಎಂದು ಕೇಳಿ. ಅಭಿಧಮನಿಯಲ್ಲಿ ರಕ್ತ ಕೆಳಕ್ಕೆ ಮರಳದಂತೆ ತಡೆಯುವ ಬಾಗಿಲೇ ಕವಾಟ. ಅದರ ಪರೀಕ್ಷೆ ನಿಂತೇ ಮಾಡಬೇಕು, ಭಾರವನ್ನು ಇನ್ನೊಂದು ಕಾಲಿಗೆ ಹಾಕಿ, ಮೀನಖಂಡ ಹಿಚುಕಿ ಬಿಡಬೇಕು. ಬಿಟ್ಟ ಮೇಲೆ ರಕ್ತ ಕೆಳಕ್ಕೆ ಹರಿಯುವ ಅವಧಿ ಚರ್ಮದ ಕೆಳಗಿನ ಅಭಿಧಮನಿಯಲ್ಲಿ ಅರ್ಧ ಸೆಕೆಂಡ್, ತೊಡೆ ಮತ್ತು ಮೊಣಕಾಲ ಹಿಂದಿನ ಆಳದ ಅಭಿಧಮನಿಯಲ್ಲಿ ಒಂದು ಸೆಕೆಂಡ್ ದಾಟಿದರೆ ಕವಾಟ ಕೆಟ್ಟಿದೆ. ಮಲಗಿಸಿ ಮಾಡಿದ ಸ್ಕ್ಯಾನ್ ಹೆಪ್ಪು ಇದೆಯೇ ಎಂದು ಹೇಳುತ್ತದೆ, ಕವಾಟದ ವಿಷಯದಲ್ಲಿ ಸುಳ್ಳು ಸಮಾಧಾನ ಕೊಡಬಹುದು. ಸೆಕೆಂಡುಗಳನ್ನು ಬರೆಯದ ವರದಿಯನ್ನು ವಾಪಸ್ ಕೊಟ್ಟು ಬರೆಸಿಕೊಳ್ಳಿ. ಬಿಗಿ ಕಾಲುಚೀಲ ಕೊಳ್ಳುವ ಮೊದಲು ಎಬಿಐ ಆಗಿರಲಿ, 0.5ಕ್ಕಿಂತ ಕಡಿಮೆ ಇದ್ದರೆ ಬಿಗಿ ಚೀಲ ಕಾಲನ್ನೇ ಕೆಡಿಸುತ್ತದೆ.

ಸ್ಕ್ಯಾನ್ ಕೋಣೆ ತೆರೆಯಬೇಕೆಂದಿರುವ ವೈದ್ಯರಿಗೆ ಒಂದು ಮಾತು: ಬರೀ ಕಾಲು ನೋಡುವ ಅಲ್ಟ್ರಾಸೌಂಡ್ ಯಂತ್ರವಾದರೂ 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಡಿ ನೋಂದಣಿ ಬೇಕು. ನೋಂದಣಿಗೆ ಮುಂಚೆ ಯಂತ್ರ ತರಿಸಬೇಡಿ.

ಪ್ರಶ್ನೆ (ಲಕ್ಷ್ಮೇಶ್ವರ): ಮಗಳು ಪಿಯುಸಿ ಸೈನ್ಸ್. ರಕ್ತನಾಳ ಸರ್ಜನ್ ಆಗಬೇಕಂತಾಳ. ಎಷ್ಟು ವರ್ಷ ಬೇಕು?

ಉತ್ತರ: ಇಂಟರ್ನ್‌ಶಿಪ್ ಸೇರಿ ಎಂಬಿಬಿಎಸ್ ಐದೂವರೆ, ಎಂಎಸ್ ಮೂರು, ಎಂಸಿಎಚ್ ಮೂರು. ಒಟ್ಟು ಹನ್ನೊಂದೂವರೆ ವರ್ಷ, ನಡುವೆ ನೀಟ್ ಮೂರು ಸಲ: ಯುಜಿ, ಪಿಜಿ, ಎಸ್‌ಎಸ್. ಪರೀಕ್ಷೆಗಳ ನಡುವೆ ಕಾಯುವ ಕಾಲ ಬೇರೆ. ಧೈರ್ಯವಾಗಿ ಕಳಿಸಿ.

ಪ್ರಶ್ನೆ (ಶಿಗ್ಗಾಂವಿ): ಕಾಲಿಗೆ ಸ್ಟೆಂಟ್ ಹಾಕ್ಬೇಕು ಅಂದಾರ. ಡಾಕ್ಟರಿಗೆ ಸರಿಯಾದ ತರಬೇತಿ ಆಗೇತೋ ಇಲ್ಲೋ ಅಂತ ನಾವು ಹೆಂಗ ತಿಳ್ಕೊಳ್ಳೂದು? ಕೇಳಿದ್ರ ಸಿಟ್ಟಾಗ್ತಾರೇನೋ.

ಉತ್ತರ: ಸರಿಯಾಗಿ ಕಲಿತ ವೈದ್ಯರು ಸಿಟ್ಟಾಗುವುದಿಲ್ಲ. ಚೀಟಿಯ ಮೇಲಿನ ನೋಂದಣಿ ಸಂಖ್ಯೆಯನ್ನು ಕರ್ನಾಟಕ ವೈದ್ಯಕೀಯ ಮಂಡಳಿಯ ಪಟ್ಟಿಯಲ್ಲಿ ನೋಡಿ, ಎಂಬಿಬಿಎಸ್ ಮೇಲಿನ ಪದವಿ ಅಲ್ಲಿ ದಾಖಲಾಗಿರಬೇಕು. ‘ಫೆಲೋಶಿಪ್’ ಎಂದಷ್ಟೇ ಇದ್ದರೆ ಎಲ್ಲಿ, ಎಷ್ಟು ತಿಂಗಳು, ಯಾರು ಮಾನ್ಯ ಮಾಡಿದ್ದು ಎಂದು ಕೇಳಿ.

ಆಮೇಲೆ ಇಷ್ಟು ಕೇಳಿ: ನಮ್ಮವರ ಎಬಿಐ ಅಥವಾ ಬೆರಳಿನ ಒತ್ತಡ ಎಷ್ಟು? ಸ್ಟೆಂಟ್ ಹಾಕದಿದ್ದರೆ ಏನಾಗುತ್ತದೆ? ನಡಿಗೆ ಮತ್ತು ಮಾತ್ರೆಯ ಚಿಕಿತ್ಸೆ ಮೂರು ತಿಂಗಳು ಆಗಿದೆಯೇ? ಮೊಣಕಾಲ ಕೆಳಗಿನ ನಾಳಕ್ಕೆ ಇಂಥದನ್ನು ನೀವು ವರ್ಷಕ್ಕೆ ಎಷ್ಟು ಮಾಡುತ್ತೀರಿ? ನಾಳ ಹರಿದರೆ ಅಥವಾ ಮುಚ್ಚಿದರೆ ಇದೇ ಕಟ್ಟಡದಲ್ಲಿ ತೆರೆದು ಸರಿಪಡಿಸುವ ಶಸ್ತ್ರವೈದ್ಯರು ಇದ್ದಾರೆಯೇ? ನಡೆದಾಗ ಮಾತ್ರ ನೋವು, ಗಾಯ ಇಲ್ಲ ಎನ್ನುವವರಿಗೆ ‘ಇವತ್ತೇ ಹಾಕಬೇಕು, ಇಲ್ಲಾಂದ್ರ ಕಾಲು ಹೋಗತೈತಿ’ ಎಂದರೆ ಆ ಮಾತು ರೋಗಕ್ಕೆ ಹೊಂದುವುದಿಲ್ಲ, ಇನ್ನೊಬ್ಬರ ಅಭಿಪ್ರಾಯ ತೆಗೆದುಕೊಳ್ಳಿ. ಗಾಯ ಇದ್ದವರಿಗೆ ಹಾಗೆ ಹೇಳಿದ್ದರೆ ಮಾತ್ರ ಎರಡನೇ ಅಭಿಪ್ರಾಯವನ್ನೂ ಒಂದೆರಡು ದಿನದೊಳಗೇ ಮುಗಿಸಿ. ಹೋಗುವಾಗ ಸ್ಕ್ಯಾನಿನ ಕಾಗದವಷ್ಟೇ ಅಲ್ಲ, ಆಂಜಿಯೋಗ್ರಾಂನ ಸಿಡಿಯನ್ನೂ ಕೇಳಿ ಪಡೆದು ಜೊತೆಗೆ ಒಯ್ಯಿರಿ.